ಎಡಗೈಯ ತೋರುಬೆರಳು

2024ರ ಸೆಪ್ಟೆಂಬರ್ 10, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ದುಬೈಯ ಕರಾಮದಲ್ಲಿ ಕಂಪನಿಯ ಬಸ್ಸು ನಿಲ್ಲುವ ತಿರುವಿನಲ್ಲಿ ನಿಂತು ಅಣ್ಣಾಸಾಹೇಬ ಎಡಗೈಯ ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಉಜ್ಜುತ್ತಿರುವುದು ಅರಿವಿಗೆ ಬಂದೊಡನೆ ನಿಲ್ಲಿಸಿದ. ಹದಿಮೂರು ವರ್ಷದ ಚಾಳಿ. ಮಸಿ ಎಂದೋ ಹೋಗಿದೆ, ಉಜ್ಜುವುದು ಉಳಿದಿದೆ. ಇಷ್ಟು ಹೊತ್ತಿಗೇ ಗಾಳಿಯಲ್ಲಿ ಹಬೆಯಿತ್ತು. ಕನ್ನಡಕ ಮಂಜಾಗಿ, ಎದುರಿನ ಹೋಟೆಲಿನ ಬೋರ್ಡು, ಅದರ ಕೆಳಗೆ ಪಾರ್ಸೆಲ್ ಇಡ್ಲಿಗೆ ನಿಂತವರ ಸಾಲು, ಎಲ್ಲ ಕರಗಿದಂತೆ ಕಾಣುತ್ತಿತ್ತು. ಹೆಗಲ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್, ಅದರಲ್ಲಿ ಒಂದೇ ಒಂದು ಹಾಳೆ. ನಿನ್ನೆ ಸಂಜೆ ಅವನೇ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ‘ನಾನು, ಕೊರಗಪ್ಪ’ ಎಂದು ಅದು ಶುರುವಾಗುತ್ತಿತ್ತು. ಇಂದು ಮಧ್ಯಾಹ್ನ ಹನ್ನೆರಡರೊಳಗೆ ಅದಕ್ಕೆ, ಅವನ ಕೈಕೆಳಗೆ ಕೆಲಸ ಮಾಡುವ ಕೊರಗಪ್ಪನ ಸಹಿ ಬೀಳಬೇಕಿತ್ತು. ಬಿದ್ದರೆ ಕೊರಗಪ್ಪ ತಿಂಗಳೊಳಗೆ ಊರಿಗೆ ಹೋಗುತ್ತಾನೆ, ವೀಸಾ ರದ್ದಾಗುತ್ತದೆ. ಬೀಳದಿದ್ದರೆ ಏನು ಎಂಬುದನ್ನು ಅಣ್ಣಾಸಾಹೇಬ ಯೋಚಿಸಿರಲಿಲ್ಲ.

ಮನೆಯಲ್ಲಿ ಮಹಾದೇವಿ ಡಬ್ಬಿಗೆ ರೊಟ್ಟಿ ಮಡಿಸಿ ಹಾಕುತ್ತ ಗಂಡನ ಕೊರಳ ಕಡೆ ನೋಡಿ, “ಶಿವದಾರ ಹಳೇದಾಗೇತಿ, ಹರದ ಬಿದ್ದೀತು. ಹೊಸಾದು ತಂದಿಟ್ಟ ತಿಂಗಳಾತು,” ಎಂದಿದ್ದಳು.

“ಆಮ್ಯಾಲ ಹಾಕ್ಕೋತೀನಿ.”

“ಎಲ್ಲಾ ಆಮ್ಯಾಲ. ಕಥಿ ಹೇಳಾಕ ಮಾತ್ರ ಟೈಮ್ ಸಿಗತೈತಿ. ಗುರುವಾರ ನಿಮ್ಮ ಮ್ಯಾನೇಜರ್ ಕಾನ್ರಾಡ್ ಅವರ ಮನ್ಯಾಗ ಮತ್ತ ಜಪಾನಿನ ಕಥಿ ಆತಂತಲ್ಲ?”

“ಯಾರು ಹೇಳಿದ್ರು?”

“ಅವರ ಹೆಂಡ್ತಿ. ಕೇಳಿ ಮೈ ಜುಂ ಅಂತಂತ ಆಕಿಗೆ. ನನಗ ಆಗ ಇಪ್ಪತ್ತಮೂರು ದಿನ ಮೈ ಜುಂ ಅಂದಿತ್ತು. ಈಗ ಏನೂ ಅನ್ನಂಗಿಲ್ಲ ಬಿಡ್ರಿ.”

ಶಾಲೆಯ ಬೂಟಿನ ದಾರ ಬಿಗಿಯುತ್ತಿದ್ದ ಮಗಳು ಪ್ರತೀಕ್ಷಾ ತಲೆ ಎತ್ತದೆ, “ಟ್ವೆಂಟಿ ತ್ರೀ ಡೇಸ್, ನೋ ಸಿಗ್ನೇಚರ್. ಪಪ್ಪಾ, ಐ ನೋ ಇಟ್ ಬೈ ಹಾರ್ಟ್,” ಎಂದಳು. ಅವನಿಗೆ ನಗು ಬಂದಿತ್ತು, ಹಿಂದೆಯೇ ಹೆಮ್ಮೆಯೂ ಬಂದಿತ್ತು. ಮಗುವಿಗೆ ಬಾಯಿಪಾಠವಾಗುವಂಥ ಒಂದು ಸಂಗತಿ ತಂದೆಯ ಬದುಕಿನಲ್ಲಿ ಇದೆಯಲ್ಲ. ಎಷ್ಟು ಜನರಿಗೆ ಅಷ್ಟಾದರೂ ಇರುತ್ತದೆ?

ಬಸ್ಸು ಬಂತು. ಎಂದಿನಂತೆ ಎಡಬದಿಯ ನಾಲ್ಕನೆಯ ಸೀಟಿನಲ್ಲಿ ಕುಳಿತ. ಬೆನ್ನು ನೆಟ್ಟಗೆ, ಎರಡೂ ಅಂಗೈ ತೊಡೆಯ ಮೇಲೆ. ಈ ಕೂರುವ ರೀತಿಯೂ ಅಲ್ಲಿಂದಲೇ ಬಂದದ್ದು. ಹಗಲು ಮಲಗುವಂತಿರಲಿಲ್ಲ, ಗೋಡೆಗೆ ಒರಗುವಂತಿರಲಿಲ್ಲ. ಅದು ಜೈಲಲ್ಲ; ಒಂದು ಸಣ್ಣ ಊರಿನ ಪೊಲೀಸ್ ಠಾಣೆಯ ಮೇಲಿನ ಮಹಡಿಯ ಕೋಣೆ. ಜಪಾನಿನಲ್ಲಿ ದೋಷಾರೋಪ ಹೊರಿಸುವ ಮೊದಲೇ ಮನುಷ್ಯನನ್ನು ಅಂಥ ಕೋಣೆಯಲ್ಲಿ ಇಪ್ಪತ್ತಮೂರು ದಿನ ಇಡಬಹುದು: ಮೊದಲು ಮೂರು ದಿನ, ಆಮೇಲೆ ನ್ಯಾಯಾಧೀಶರ ಸಹಿಯಿಂದ ಹತ್ತು, ಮತ್ತೊಂದು ಸಹಿಯಿಂದ ಇನ್ನೊಂದು ಹತ್ತು. 2011ರ ಅಕ್ಟೋಬರ್. ತಕ್ಕಡಿಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಆರು ತಿಂಗಳ ತರಬೇತಿಗೆ ಅವನು ಹೋಗಿದ್ದ. ತರಬೇತಿಯವರ ವಸತಿಯ ಶೆಡ್ಡಿನಲ್ಲಿ ಒಂದು ಸೈಕಲ್ ಇತ್ತು. ಒಂದು ತಂಡ ಹೋಗುವಾಗ ಬರುವ ತಂಡಕ್ಕೆ ಬಿಟ್ಟು ಹೋಗುತ್ತಿದ್ದ ಸೈಕಲ್. ಮೊದಲು ತಂದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ನಮ್ಮವರಲ್ಲಿ ಅದು ಸಹಜ. ಹಾಸ್ಟೆಲಿನ ಬಕೆಟ್ಟು, ಇಸ್ತ್ರಿ ಪೆಟ್ಟಿಗೆ, ಹಾಸಿಗೆ, ಎಲ್ಲವೂ ಹಾಗೆಯೇ ಕೈಯಿಂದ ಕೈಗೆ ಬರುತ್ತವೆ. ಇದು ಯಾರದು ಎಂದು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಸೈಕಲ್ಲಿಗೂ ನೋಂದಣಿಯ ಚೀಟಿ ಇರುತ್ತದೆ. ಸಿಗ್ನಲ್ಲಿನಲ್ಲಿ ತಡೆದ ಪೊಲೀಸ್ ಆ ಚೀಟಿಯ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿ, ಉತ್ತರ ಕೇಳಿ, ಸೊಂಟ ಬಗ್ಗಿಸಿ ವಂದಿಸಿ, ಅವನನ್ನು ಕರೆದುಕೊಂಡು ಹೋದ.

ಬಸ್ಸು ಶೇಖ್ ಜಾಯೆದ್ ರಸ್ತೆಗೆ ಏರಿತು. ಕಿಟಕಿಯಾಚೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಬಿಸಿಲು ಹಿಡಿಯುತ್ತಿದ್ದವು. ಅವನು ಆ ಕೋಣೆಯಲ್ಲಿ ಮಾಡಿದ ಮೊದಲ ಕೆಲಸವೆಂದರೆ ಅದನ್ನು ಅಳೆದದ್ದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು. ಅಳತೆಪಟ್ಟಿ ಇಲ್ಲದಿದ್ದರೆ ಕೈ ಇದೆ. ಎಡಗೈಯ ಒಂದು ಗೇಣು ಇಪ್ಪತ್ತೆರಡು ಸೆಂಟಿಮೀಟರ್ ಎಂದು ಅವನಿಗೆ ಗೊತ್ತಿತ್ತು. ಹನ್ನೊಂದೂವರೆ ಗೇಣು ಅಗಲ, ಹದಿನಾಲ್ಕು ಗೇಣು ಉದ್ದ. ದಿನವೂ ಬೆಳಿಗ್ಗೆ ಅಳೆದು, ಸರಾಸರಿ ತೆಗೆದು, ಹಿಂದಿನ ದಿನಗಳಿಗೂ ಇಂದಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಒಂದು ದಿನ ಕಾವಲಿನವ ನೋಡಿ ಏನೋ ಗದರಿದ. ‘ಏಳು’ ಎಂಬ ಸಂಖ್ಯೆಯೊಂದೇ ಅರ್ಥವಾಯಿತು. ಅಲ್ಲಿ ಅವನ ಹೆಸರು ಏಳು. ಚಪ್ಪಲಿಯ ಮೇಲೂ ಏಳು. ವಿಚಾರಣೆಗೆ ಕರೆದೊಯ್ಯುವಾಗ ಮಾತ್ರ ಹೆಸರು ಮರಳಿ ಬರುತ್ತಿತ್ತು. ಸೊಂಟಕ್ಕೆ ಕಟ್ಟಿದ ನೀಲಿ ಹಗ್ಗದ ತುದಿಯನ್ನು ಕುರ್ಚಿಗೆ ಬಿಗಿದು, ಕೈಕೋಳ ಬಿಚ್ಚಿ, ಮೊರಿತಾ ಎಂಬ ವಿಚಾರಣೆಯ ಅಧಿಕಾರಿ ಎದುರು ಕೂರುತ್ತಿದ್ದ. ಮೊರಿತಾ ಒಮ್ಮೆಯೂ ಕೈ ಎತ್ತಲಿಲ್ಲ. ಅವನ ಮೇಜು ಎಷ್ಟು ಚೊಕ್ಕಟವಾಗಿತ್ತೆಂದರೆ ಅಣ್ಣಾಸಾಹೇಬನಿಗೆ ಮೊದಲ ದಿನವೇ ಅವನ ಮೇಲೆ ಗೌರವ ಹುಟ್ಟಿತ್ತು. ಕನ್ನಡ ಬಲ್ಲವರು ಆ ಜಿಲ್ಲೆಯಲ್ಲೇ ಇರಲಿಲ್ಲ. ಹಿಂದಿಯ ದುಭಾಷಿಯಾಗಿ ಒಬ್ಬ ವಯಸ್ಸಾದ ಜಪಾನಿ ಹೆಂಗಸು ಬರುತ್ತಿದ್ದಳು. ಎಂದೋ ಕಾಶಿಯಲ್ಲಿ ಕಲಿತ ಹಿಂದಿ. ‘ಕೃಪಯಾ ಸ್ಮರಣ ಕೀಜಿಯೇ’ ಎನ್ನುತ್ತಿದ್ದಳು, ದೇವರನ್ನು ನೆನೆಯಲು ಹೇಳುವಂತೆ. ಇದನ್ನು ಹೇಳಿದಾಗಲೆಲ್ಲ ಕೇಳುವವರು ನಗುತ್ತಿದ್ದರು. ಗುರುವಾರವೂ ನಕ್ಕಿದ್ದರು.

ಮತ್ತೆ ಕಥೆಯ ಮುಖ್ಯ ಭಾಗ. ಅಲ್ಲಿ ಹೇಳಿಕೆಯನ್ನು ಬರೆಯುವವನು ಪೊಲೀಸ್; ಆದರೆ ಬರೆಯುವುದು ‘ನಾನು’ ಎಂದು. ‘ಸೈಕಲ್ಲು ಬೇರೆಯವರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆ. ನನಗೆ ನಾಚಿಕೆಯಾಗಿದೆ.’ ಮೊರಿತಾ ಅದನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಓದುತ್ತಿದ್ದ, ಹೆಂಗಸು ಹಿಂದಿಯಲ್ಲಿ ಹೇಳುತ್ತಿದ್ದಳು, ಕೊನೆಗೆ ಪೆನ್ನು ಮತ್ತು ಮಸಿಯ ಡಬ್ಬಿ ಅವನ ಮುಂದೆ ಬರುತ್ತಿದ್ದವು. ಸಹಿ, ಪಕ್ಕದಲ್ಲಿ ಎಡಗೈಯ ತೋರುಬೆರಳಿನ ಗುರುತು. ಹಾಕಿದರೆ ಅಂದೇ ಬಿಡುಗಡೆಯಾದರೂ ಆಗಬಹುದು ಎಂದು ವಕೀಲನೂ ಗಾಜಿನಾಚೆಯಿಂದ ಹೇಳಿದ್ದ. ಇಷ್ಟು ಸಣ್ಣ ವಿಷಯ. ಅಣ್ಣಾಸಾಹೇಬ ದಿನವೂ ಒಂದೇ ಮಾತು ಹೇಳಿದ: “ಹತ್ತಿದ್ದು ಹೌದು. ಗೊತ್ತಿರಲಿಲ್ಲ. ನೀವು ನೋಡದ್ದನ್ನು ಬರೆದಿದ್ದೀರಿ.” ಇಪ್ಪತ್ತಮೂರನೆಯ ದಿನ ಮೊಕದ್ದಮೆ ಇಲ್ಲ ಎಂದು ಬಿಟ್ಟರು, ಹಿಂಬಾಗಿಲಿನಿಂದ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು. ಕಂಪನಿ ತರಬೇತಿ ಮುಗಿಸಿ ಊರಿಗೆ ಕಳುಹಿಸಿತು. ಆ ಕೆಲಸ ಹೋಯಿತು, ದುಬೈ ಬಂತು. ಆದರೆ ಅವನು ತಲೆ ತಗ್ಗಿಸಿ ಬರಲಿಲ್ಲ. ಈ ಊರಿನಲ್ಲಿ ಅವನ ಸಹಿಗೆ ಬೆಲೆ ಇದೆ. ಜೆಬೆಲ್ ಅಲಿಯ ಪ್ರಯೋಗಾಲಯದಲ್ಲಿ ಊರಿನ ತಕ್ಕಡಿಗಳನ್ನೂ ತೂಕದ ಬಟ್ಟುಗಳನ್ನೂ ಪರೀಕ್ಷಿಸುತ್ತಾರೆ. ಅವನು ಸಹಿ ಹಾಕಿದ ಮೇಲೇ ಒಂದು ಕಿಲೋ ಒಂದು ಕಿಲೋ ಆಗುತ್ತದೆ. ಹನ್ನೆರಡು ವರ್ಷದಲ್ಲಿ ಆ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ಹಾಜರಿಯ ಯಂತ್ರದ ಮುಂದೆ ಕೊರಗಪ್ಪ ನಿಂತಿದ್ದ. ಐವತ್ತೇಳರ ಮನುಷ್ಯ, ಗಿಡ್ಡ, ಅಗಲ ಹೆಗಲು. ಬೆರಳಿಟ್ಟ. ಯಂತ್ರ ಹೆಣ್ಣು ದನಿಯಲ್ಲಿ ‘ಪ್ಲೀಸ್ ಟ್ರೈ ಎಗೇನ್’ ಎಂದಿತು. ಶರ್ಟಿಗೆ ಒರೆಸಿ ಮತ್ತೆ ಇಟ್ಟ. ಮತ್ತೆ ಅದೇ. ಹಿಂದೆ ಲಾರಿ ತೂಗುವ ಕಾಟಾಗಳಿಗೆ ಎರಕದ ಭಾರಗಳನ್ನು ಎತ್ತಿ ಎತ್ತಿ ಅವನ ಬೆರಳಿನ ಗೆರೆಗಳೇ ಸವೆದುಹೋಗಿದ್ದವು.

“ಇದಕ್ಕೆ ನನ್ನ ಪರಿಚಯ ಇನ್ನೂ ಆಗ್ಲಿಲ್ಲ ಸಾರ್,” ಎಂದ ಕೊರಗಪ್ಪ ನಗುತ್ತ. “ಇಪ್ಪತ್ತೆರಡು ವರ್ಷ ಆಯ್ತು. ದಿನಾ ಹೊಸಬನ ಹಾಗೆ ನೋಡ್ತದೆ.”

ಅಣ್ಣಾಸಾಹೇಬ ನಗಲಿಲ್ಲ. “ಒಂಬತ್ತಕ್ಕ ಮೀಟಿಂಗ್ ರೂಮಿಗೆ ಬರ್ರಿ,” ಎಂದು ಒಳಗೆ ನಡೆದ.

ಮ್ಯಾನೇಜರ್ ಕಾನ್ರಾಡ್ ಆಗಲೇ ಬಂದಿದ್ದ. ಮಂಗಳೂರಿನವನು, ದೊಡ್ಡ ದನಿ, ಒಳ್ಳೆಯ ಮನಸ್ಸು. “ಏನು ಅಣ್ಣಾಸಾಬ್, ಆಯ್ತಾ? ಹನ್ನೆರಡಕ್ಕೆ ಕಳಿಸ್ಬೇಕು ಮಾರಾಯ. ಚಿನ್ನದವ್ರು ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದ್ರು. ಅವ್ರಿಗೆ ಒಂದು ಕಾರಣ ಬೇಕು, ಒಂದು ಹೆಸರು ಬೇಕು. ಖಲಾಸ್.”

ವಿಷಯ ಇಷ್ಟು. ಗುರುವಾರ ಕೊರಗಪ್ಪ ಇಪ್ಪತ್ತು ಕಿಲೋದ ಒಂದು ಉಕ್ಕಿನ ಬಟ್ಟನ್ನು ಚಿನ್ನ ಶುದ್ಧಿ ಮಾಡುವ ಕಂಪನಿಗೆ ಒಯ್ದು, ಅವರ ತಕ್ಕಡಿಯನ್ನು ಅದರಿಂದ ಪರೀಕ್ಷಿಸಿಕೊಂಡು ನಾಲ್ಕು ಗಂಟೆಯ ಹೊತ್ತಿಗೆ ವಾಪಸು ತಂದಿದ್ದ. ಹೊರಗೆ ಹೋಗಿ ಬಂದ ಬಟ್ಟನ್ನು ಮತ್ತೆ ತೂಗಿ ನೋಡುವುದು ನಿಯಮ. ಅಣ್ಣಾಸಾಹೇಬನೇ ತೂಗಿದ. ಆ ಬಟ್ಟು ವರ್ಷಗಳಿಂದ, ಮೂರ್ನಾಲ್ಕು ಅತ್ತಿತ್ತ, 58 ಮಿಲಿಗ್ರಾಂ ಕಡಿಮೆ ಇದ್ದದ್ದು, ನೂರರವರೆಗೆ ಅಡ್ಡಿಯಿಲ್ಲ. ಅಂದು 112 ಕಡಿಮೆ ಬಂತು. ಉಕ್ಕು ತಾನಾಗಿ ಆವಿಯಾಗುವುದಿಲ್ಲ. ಎಲ್ಲೋ ಬಿದ್ದಿದೆ, ಚೂರು ಹಾರಿದೆ. ಹಿಡಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಒಂದು ಗೀರೂ ಇತ್ತು. ಬೀಳಿಸಿದವನು ಹೇಳಲಿಲ್ಲ. ಬಟ್ಟಿಗೆ ‘ಮುಟ್ಟಬಾರದು’ ಎಂಬ ಕೆಂಪು ಚೀಟಿ ಕಟ್ಟಿ ತೂಕದ ಕೋಣೆಯ ಕಪಾಟಿನಲ್ಲಿಟ್ಟರು. ವಿಚಾರಣೆ ಮುಗಿಯುವವರೆಗೆ ಅದು ಅಲ್ಲೇ ಇರಬೇಕು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ನಿನ್ನೆ ಟೈಪು ಮಾಡುವಾಗ ಆ ತರ್ಕದ ಅಚ್ಚುಕಟ್ಟು ಅವನಿಗೆ ಒಂದು ಬಗೆಯ ಸುಖವನ್ನೇ ಕೊಟ್ಟಿತ್ತು.

ಒಂಬತ್ತಕ್ಕೆ ಸರಿಯಾಗಿ ಕೊರಗಪ್ಪ ಬಂದ. ಕುರ್ಚಿಯ ತುದಿಯಲ್ಲಿ ಕುಳಿತ. ಮೀಟಿಂಗ್ ರೂಮಿನ ಕಿಟಕಿಗೆ ಮಬ್ಬು ಗಾಜು. ಹೊರಗೆ ಕಂಟೇನರ್ ಲಾರಿಗಳು ಬರಿಯ ಬಣ್ಣಗಳಾಗಿ ಸರಿಯುತ್ತಿದ್ದವು. ಅಣ್ಣಾಸಾಹೇಬ ಫೋಲ್ಡರನ್ನು ಮೇಜಿನ ಅಂಚಿಗೆ ಸಮಾನಾಂತರವಾಗಿ ಇಟ್ಟ, ಪೆನ್ನನ್ನು ಅದರ ಪಕ್ಕಕ್ಕೆ.

“ಗುರುವಾರ ಏನಾತು, ಮೊದಲಿಂದ ಹೇಳ್ರಿ ಕೊರಗಪ್ಪನವರ.”

“ನಿನ್ನೆಯೂ ಹೇಳಿದ್ದೆ ಅಲ್ವಾ ಸಾರ್. ಏಳೂವರೆಗೆ ಹೋದೆ. ಪೆಟ್ಟಿಗೆ ತೆಗ್ದೆ. ಗ್ಲೌಸ್ ಹಾಕಿ ಇಟ್ಟೆ, ತೆಗ್ದೆ. ಅಲ್ಲಿಯ ಒಬ್ಬ ಹುಡುಗಿ ಬರ್ಕೊಂಡ್ಳು. ವಾಪಸ್ ಬರುವಾಗ ವ್ಯಾನಿನ ಏಸಿ ಹೋಯ್ತು, ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಬೆಂದೆವು. ಅಷ್ಟೆ.”

“ಬಿತ್ತೋ?”

“ಇಲ್ಲ ಸಾರ್.”

“ಎಲ್ಲಾದರೂ ತಾಗಿತೋ? ನೆನಪ ಮಾಡ್ಕೋರಿ.”

“ತಾಗ್ಲಿಲ್ಲ. ಆ ಗೀರು ಹಳೇದು ಸಾರ್, ನೀವು ಬರುವ ಮೊದಲಿಂದ ಉಂಟು.”

“ಹಂಗಾದ್ರ ತೂಕ ಎಲ್ಲಿ ಹೋತು?”

ಕೊರಗಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. “ಅದು ನಂಗೆ ಗೊತ್ತಿಲ್ಲ. ನೀವು ಓದಿದವರು. ಆ ದಿನ ಬಿಸಿ ಇತ್ತು ಸಾರ್ ಅದು. ಗ್ಲೌಸಿನ ಒಳಗೂ ಕೈಗೆ ಗೊತ್ತಾಗ್ತಿತ್ತು. ನಾನು ನಿಮಗೆ ಆಗ್ಲೇ...”

“ಬಿಸಿ ಬ್ಯಾರೆ ವಿಷಯ. ನಾ ಕೇಳಿದ್ದು ಬಿತ್ತೋ ಇಲ್ಲೋ ಅಂತ.”

ಹೀಗೆ ಒಂದು ಗಂಟೆ ನಡೆಯಿತು. ಅಣ್ಣಾಸಾಹೇಬ ದನಿ ಎತ್ತಲಿಲ್ಲ. ಅದೇ ಪ್ರಶ್ನೆಯನ್ನು ಐದು ರೀತಿಯಲ್ಲಿ ಕೇಳಿದ. ಕೇಳುವುದರಲ್ಲಿ ತನಗೊಂದು ಹದ ಇದೆ, ತಾಳ್ಮೆ ಇದೆ ಎನಿಸಿತು. ಎದುರಿನವನು ದಣಿಯುತ್ತಿದ್ದ, ಉತ್ತರಗಳು ಚಿಕ್ಕದಾಗುತ್ತಿದ್ದವು. ಒಮ್ಮೆ ಕೊರಗಪ್ಪ, “ಸಾರ್, ಒಂದು ಮೂತ್ರಕ್ಕೆ ಹೋಗಿ ಬರ್ಲಾ?” ಎಂದು ಕೇಳಿದ. ಅಣ್ಣಾಸಾಹೇಬ ಗಡಿಯಾರ ನೋಡಿ, “ಇದೊಂದು ಮುಗಿಸಿ ಹೋಗ್ರಿ,” ಎಂದ. ಎಂದ ಮೇಲೆ ನಾಲಿಗೆಯ ಮೇಲೆ ಯಾವುದೋ ಹಳೆಯ ರುಚಿ ಬಂತು. ತಣ್ಣಗಿನ ಅನ್ನದ, ಉಪ್ಪಿನಲ್ಲಿ ಹಾಕಿದ ಮೂಲಂಗಿಯ ರುಚಿ. ಠಾಣೆಯಲ್ಲಿ ಕೋಣೆಯ ಕೆಳಗಿನ ಕಿಂಡಿಯಿಂದ ಊಟದ ಡಬ್ಬಿ ಒಳಗೆ ಜಾರುತ್ತಿತ್ತು. ಅದರಿಂದ ಮೀನನ್ನು ಕಡ್ಡಿಯಲ್ಲಿ ಎತ್ತಿ ಮುಚ್ಚಳದ ಮೇಲಿಟ್ಟು, ಉಳಿದದ್ದನ್ನು ತಿನ್ನುತ್ತಿದ್ದ. ಮೀನು ಅನ್ನಕ್ಕೆ ತಾಗಿತ್ತೋ ಇಲ್ಲವೋ ಎಂದು ಕೇಳಲು ಯಾರೂ ಇರಲಿಲ್ಲ. ಕಥೆಯಲ್ಲಿ ಅದನ್ನೂ ಹೇಳುತ್ತಿದ್ದ. ಕೇಳಿದವರು ಪಾಪ ಎನ್ನುತ್ತಿದ್ದರು.

“ಹೋಗಿ ಬರ್ರಿ,” ಎಂದ. ಕೊರಗಪ್ಪ ಎದ್ದು ಹೋದ.

ಖಾಲಿ ಕುರ್ಚಿಯ ಎದುರು ಕುಳಿತಾಗ ಕೋಣೆ ಎಷ್ಟು ಗೇಣು ಇದ್ದೀತೆಂದು ಕಣ್ಣು ತಾನಾಗಿ ಅಳೆಯತೊಡಗಿತು. ಅವನು ಕಥೆಯಲ್ಲಿ ಹೇಳದೆ ಬಿಟ್ಟದ್ದೊಂದಿತ್ತು. ಮಹಾದೇವಿಗೂ ಹೇಳಿರಲಿಲ್ಲ. ಮೊದಲ ದಿನ, ಹಿಂದಿಯ ಹೆಂಗಸು ಬರುವ ಮೊದಲು, ಒಬ್ಬ ಎಳೆಯ ಪೊಲೀಸ್ ಅವನ ಮೈಮೇಲಿನ ವಸ್ತುಗಳನ್ನು ಪಟ್ಟಿ ಮಾಡಿದ. ದಾರದಂಥದು ಏನೂ ಇರಬಾರದು. ಕೊರಳಿಗೆ ಬಿಗಿದುಕೊಂಡು ಸತ್ತಾರು ಎಂಬ ಭಯ. ಬೂಟಿನ ದಾರ ಹೋಯಿತು, ಬೆಲ್ಟು ಹೋಯಿತು. ಆಮೇಲೆ ಪೊಲೀಸ್ ಅವನ ಕೊರಳ ಕಡೆ ಬೆರಳು ತೋರಿಸಿದ. ಅಣ್ಣಾಸಾಹೇಬ ತಡೆಯಲಿಲ್ಲ, ವಿವರಿಸಲಿಲ್ಲ. ತಾನೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು ಕರಡಿಗೆಯ ಸಮೇತ ಟ್ರೇಯಲ್ಲಿಟ್ಟ. ಅಚ್ಚುಕಟ್ಟಾಗಿ, ದಾರವನ್ನು ಸುತ್ತಿ ಇಟ್ಟ. ಪೊಲೀಸ್ ಬೆಳ್ಳಿಯ ಕರಡಿಗೆಯನ್ನು ತೆರೆದು ಒಳಗೆ ನೋಡಿದ. ಕಪ್ಪಗೆ ಹೊಳೆಯುವ ಇಷ್ಟಲಿಂಗವನ್ನು ಕೈಗವಸಿನ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. ಇಂಗ್ಲಿಷಿನಲ್ಲಿ, ಸೌಜನ್ಯದಿಂದಲೇ, “ಸ್ಟೋನ್?” ಎಂದ. ಹುಟ್ಟಿದ ದಿನ ಗುರುಗಳು ಕಟ್ಟಿದ್ದು, ಅಜ್ಜನ ಅಂಗೈಯನ್ನು ನೋಡಿ ನೋಡಿ ಪೂಜೆ ಕಲಿತದ್ದು, ನೆಲಕ್ಕೆ ಬಿದ್ದರೆ ಪ್ರಾಣ ಹೋದಂತೆ ಎಂದು ನಂಬಿದ ಮನೆಯಲ್ಲಿ ಬೆಳೆದದ್ದು, ಇದಾವುದೂ ಬಾಯಿಗೆ ಬರಲಿಲ್ಲ. ಬಂದದ್ದು, “ಯೆಸ್. ಸ್ಟೋನ್.” ಪೊಲೀಸ್ ಬರೆದುಕೊಂಡ: ದಾರ ಒಂದು, ಲೋಹದ ಡಬ್ಬಿ ಒಂದು, ಕಲ್ಲು ಒಂದು. ಪಟ್ಟಿಯ ಕೆಳಗೆ ಸಹಿ, ಪಕ್ಕದಲ್ಲಿ ಎಡಗೈಯ ತೋರುಬೆರಳು. ಹಾಕಿದ. ಯಾರೂ ಒತ್ತಾಯ ಮಾಡಿರಲಿಲ್ಲ. ಬೇಗ ಮುಗಿದರೆ ಸಾಕಿತ್ತು.

ಮರುದಿನದಿಂದ ಬೆಳಿಗ್ಗೆ ಖಾಲಿ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಕೂತ. ಮೊರಿತಾನ ಮುಂದೆ ಅವನು ಇಪ್ಪತ್ತಮೂರು ದಿನ ಬಾಗದೆ ಉಳಿದದ್ದು ಸೈಕಲ್ಲಿಗಾಗಿ ಅಲ್ಲ, ಸತ್ಯಕ್ಕಾಗಿ ಕೂಡ ಅಲ್ಲವೇನೋ. ಮೊದಲ ದಿನದ ಆ ಒಂದು ಶಬ್ದಕ್ಕೆ ದಂಡ ತೆರುತ್ತಿದ್ದ. ಹಾಗೆ ಎಣಿಸಿದರೂ ಹೆಮ್ಮೆ ಕರಗಲಿಲ್ಲ. ದಂಡವಾದರೂ ತೆತ್ತಿದ್ದೇನಲ್ಲ, ಪೂರಾ ತೆತ್ತಿದ್ದೇನೆ, ಎಂದಿತು ಮನಸ್ಸು. ಕೈ ತಾನಾಗಿ ಶರ್ಟಿನ ಗುಂಡಿಯ ಸಂದಿನಲ್ಲಿ ಕರಡಿಗೆಯನ್ನು ಮುಟ್ಟಿತು. ಅದು ಮೈಯಷ್ಟೇ ಬೆಚ್ಚಗಿತ್ತು.

ಕೊರಗಪ್ಪ ಮುಖ ತೊಳೆದುಕೊಂಡು ಬಂದಿದ್ದ. ಕಿವಿಯ ಹಿಂದೆ ಇನ್ನೂ ನೀರಿತ್ತು. ಅಣ್ಣಾಸಾಹೇಬ ಹಾಳೆ ತೆಗೆದು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತ ಓದಿದ. “ನಾನು, ಕೊರಗಪ್ಪ. ಸೆಪ್ಟೆಂಬರ್ ಐದರಂದು ಇಪ್ಪತ್ತು ಕಿಲೋದ ಬಟ್ಟು ನನ್ನ ಕೈಯಿಂದ ಜಾರಿತು. ಭಯದಿಂದ ಯಾರಿಗೂ ಹೇಳಲಿಲ್ಲ. ನನಗೆ ಪಶ್ಚಾತ್ತಾಪವಾಗಿದೆ.” ಪಶ್ಚಾತ್ತಾಪ ಎಂದು ಯಾರು ಹೇಳಿದರು? ನಿನ್ನೆ ಆ ಸಾಲು ತಾನಾಗಿ ಬಂದಿತ್ತು, ಎಲ್ಲೋ ಕಂಠಪಾಠವಾಗಿದ್ದಂತೆ.

ಕೊರಗಪ್ಪ ಕೊನೆಯವರೆಗೆ ಕೇಳಿದ. ಆಮೇಲೆ ಕೈ ಚಾಚಿದ. “ಕೊಡಿ ಸಾರ್ ಪೆನ್ನು.”

“ಅಂದ್ರ ಬಿತ್ತು?”

“ಬೀಳ್ಲಿಲ್ಲ.”

“ಮತ್ತ?”

“ನೀವು ಬರೆದದ್ದಲ್ವಾ. ಗುರುವಾರ ನೀವು ಕಥೆ ಹೇಳುವಾಗ ನಾನು ಅಲ್ಲೇ ಇದ್ದೆ, ಕಾನ್ರಾಡ್ ಸಾರ್ ಮನೆಯಲ್ಲಿ ಪ್ಲೇಟ್ ಎತ್ತಿಕೊಂಡು. ನೋಡದ್ದನ್ನು ಬರೆದ್ರೆ ಸಹಿ ಹಾಕುದಿಲ್ಲ ಅಂತ ಹೇಳಿದವರು ನೀವು. ಅಂಥವರು ಸುಳ್ಳು ಬರೀತಾರಾ? ಬಹುಶಃ ನಂಗೇ ಗೊತ್ತಾಗದ ಹಾಗೆ ಎಲ್ಲೋ ತಾಗಿರ್ಬೇಕು.” ಅವನು ನಗಲು ನೋಡಿದ. “ಮತ್ತೆ ನಂಗೆ ನಿಮ್ಮಷ್ಟು ಗಟ್ಟಿ ಇಲ್ಲ ಸಾರ್. ಇಪ್ಪತ್ತಮೂರು ದಿನ ಎಲ್ಲ ಆಗ್ಲಿಕ್ಕಿಲ್ಲ. ಒಂದು ಗಂಟೆಗೇ ಸಾಕಾಯ್ತು. ಒಂದೇ ಬೇಜಾರು. ಇಪ್ಪತ್ತೆರಡು ವರ್ಷದಲ್ಲಿ ಒಂದು ವೇಟ್ ಕೈಯಿಂದ ಜಾರ್ಲಿಲ್ಲ, ಅದನ್ನು ಊರಲ್ಲಿ ಹೇಳ್ಬೇಕು ಅಂತ ಇದ್ದೆ. ಇರ್ಲಿ. ಎಲ್ಲಿಗೆ ಹಾಕುದು? ಹೆಬ್ಬೆಟ್ಟು ಬೇಕಾದ್ರೆ ಅದು ಬರ್ಲಿಕ್ಕಿಲ್ಲ ನೋಡಿ, ಬೆರಳಲ್ಲಿ ಗೆರೆ ಇಲ್ಲ.”

ಹೇಳಿ, ಸವೆದ ಬೆರಳುಗಳಲ್ಲಿ ಪೆನ್ನಿನ ಟೊಪ್ಪಿಗೆ ತೆಗೆಯತೊಡಗಿದ.

“ಯೆಸ್. ಸ್ಟೋನ್,” ಎಂದಿತು ಅಣ್ಣಾಸಾಹೇಬನ ಕಿವಿಯಲ್ಲಿ ಅವನದೇ ಎಳೆಯ ದನಿ. ಮೊರಿತಾ ಕೂಡ ಎಂದೂ ಇಷ್ಟು ಸುಲಭವಾಗಿ ಗೆದ್ದಿರಲಿಲ್ಲ. ಅವನು ಮೇಜಿನ ಮೇಲೆ ಬಾಗಿ ಹಾಳೆಯ ಮೇಲೆ ಅಂಗೈಯನ್ನು ಅಗಲಿಸಿ ಒತ್ತಿದ, ಗೇಣು ಹಾಕುವವನಂತೆ. “ತಡೀರಿ,” ಎಂದ. “ಬಿಸಿ ಅಂತ ಹೇಳಿದ್ರಲ್ಲ. ನನಗ ಯಾವಾಗ ಹೇಳಿದ್ರಿ?”

“ಗುರುವಾರವೇ. ತಂದು ಇಟ್ಟಾಗ. ಸಾರ್, ಇದು ಇನ್ನೂ ಬಿಸಿ ಉಂಟು ಅಂದೆ. ನೀವು ವಾಚ್ ನೋಡಿ, ಇಡಿ ಇಡಿ, ಐದೂವರೆಗೆ ಹೋಗ್ಬೇಕು ಅಂದ್ರಿ.”

ಐದೂವರೆಗೆ ಎಲ್ಲಿಗೆ? ಕಾನ್ರಾಡನ ಮದುವೆಯ ಇಪ್ಪತ್ತೈದನೆಯ ವರ್ಷದ ಊಟಕ್ಕೆ. “ಬೇಗ ಬಾ ಅಣ್ಣಾಸಾಬ್, ಹೊಸಬರು ಬರ್ತಾರೆ, ನಿನ್ನ ಜಪಾನ್ ಕಥೆ ಕೇಳ್ಬೇಕಂತೆ,” ಎಂದಿದ್ದ. ವ್ಯಾನಿನೊಳಗೆ ನಲವತ್ತಾರು ಡಿಗ್ರಿಯಲ್ಲಿ ಬೆಂದ ಉಕ್ಕು, ಇಪ್ಪತ್ತು ಡಿಗ್ರಿಯ ಕೋಣೆ. ಬಿಸಿ ಉಕ್ಕಿನ ಸುತ್ತ ಗಾಳಿ ಮೇಲಕ್ಕೇಳುತ್ತದೆ, ಏಳುವಾಗ ಬಟ್ಟನ್ನೂ ಒಂದಿಷ್ಟು ಎತ್ತುತ್ತದೆ. ಕೂದಲೆಳೆಯಷ್ಟು, ಆದರೆ ತಕ್ಕಡಿಗೆ ಅದು ತಿಳಿಯುತ್ತದೆ. ಬಿಸಿಯಾದದ್ದು ಹಗುರ ತೂಗುತ್ತದೆ. ಇದನ್ನು ಅವನು ಹೊಸಬರಿಗೆ ಪಾಠ ಮಾಡುತ್ತಾನೆ. ತೂಕದ ಕೋಣೆಯ ಗೋಡೆಯ ಮೇಲೆ ನಿಯಮವಿದೆ: ಹೊರಗಿನಿಂದ ಬಂದ ದೊಡ್ಡ ಬಟ್ಟು ಕೋಣೆಯೊಳಗೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕು. ಬರೆದವನು ಅವನೇ. ಕೆಳಗೆ ಅವನದೇ ಸಹಿ. ಅಂದು ಅವನು ಕಾದದ್ದು ಅರ್ಧ ಗಂಟೆ.

“ಬರ್ರಿ,” ಎಂದು ಎದ್ದ. ಕಾರಿಡಾರಿನಲ್ಲಿ ಕಾನ್ರಾಡ್ ಎದುರಾದ. “ಆಯ್ತಾ? ಸೈನ್ ಆಯ್ತಾ?”

“ಬಟ್ಟು ತೂಗಬೇಕು.”

“ಈಗಾ? ಅದಕ್ಕೆ ಕೆಂಪು ಚೀಟಿ ಉಂಟಲ್ಲ! ಎನ್‌ಕ್ವಾಯರಿ ಮುಗಿಯದೆ ಮುಟ್ಲಿಕ್ಕ್ ಇಲ್ಲ ಅಂತ ನೀನೇ ಬರೆದದ್ದು. ನಿಂಗೆ ಮಂಡೆ ಸಮ ಉಂಟಾ ಮಾರಾಯ?”

“ಮೊದಲು ತಪ್ಪೊಪ್ಪಿಗಿ, ಆಮ್ಯಾಲ ತೂಕ ಅಂತ ಬರದಿದ್ದೆ, ಕಾನ್ರಾಡ್. ತಪ್ಪಾತು.”

ಕಾನ್ರಾಡ್ ಇಬ್ಬರ ಮುಖವನ್ನೂ ನೋಡಿದ. ದಾರಿ ಬಿಟ್ಟ.

ತೂಕದ ಕೋಣೆ ತಣ್ಣಗಿತ್ತು, ನಿಶ್ಶಬ್ದವಾಗಿತ್ತು. ಬಟ್ಟು ಗುರುವಾರದಿಂದ ಇಲ್ಲೇ ಕಪಾಟಿನಲ್ಲಿ, ಇದೇ ಗಾಳಿಯಲ್ಲಿ, ಐದು ದಿನ ಸುಮ್ಮನೆ ಕೂತಿತ್ತು. ಯಾರೂ ಅದನ್ನು ಕೇಳಿರಲಿಲ್ಲ. ಕೊರಗಪ್ಪ ಕೈಗವಸು ತೊಟ್ಟು ಎರಡೂ ಕೈಯಲ್ಲಿ ಅದನ್ನು ಎತ್ತಿ ತಂದ. ಐವತ್ತೇಳರ ಮೈ ಬಾಗಿ, ಉಸಿರು ಹಿಡಿದು, ತಕ್ಕಡಿಯ ನಡುವಿನ ಗುರುತಿನ ಮೇಲೆ ಇಳಿಸಿದಾಗ ಸದ್ದೇ ಆಗಲಿಲ್ಲ. ಈ ಇಳಿಸುವಿಕೆಯನ್ನು ಅಣ್ಣಾಸಾಹೇಬ ಸಾವಿರ ಸಲ ಕಂಡಿದ್ದ, ಎಂದೂ ನೋಡಿರಲಿಲ್ಲ. ಮಗು ಮಲಗಿದ ಮೇಲೆ ತೊಟ್ಟಿಲಿಗೆ ಹಾಕುವವರ ಕೈ ಹಾಗಿರುತ್ತದೆ. ಮೊದಲು ಹೋಲಿಸಿ ನೋಡುವ ಪ್ರಮಾಣದ ಬಟ್ಟು, ಆಮೇಲೆ ಇದು, ಮತ್ತೆ ಇದು, ಮತ್ತೆ ಪ್ರಮಾಣದ್ದು. ಹೀಗೆ ಮೂರು ಸುತ್ತು. ಪ್ರತಿ ಸಲವೂ ಅಂಕಿ ನಿಲ್ಲುವವರೆಗೆ ಇಬ್ಬರೂ ಉಸಿರನ್ನು ಬೇರೆ ಕಡೆಗೆ ಬಿಡುತ್ತ ನಿಂತರು. ಅಣ್ಣಾಸಾಹೇಬ ಬರೆದುಕೊಂಡ, ಕೂಡಿದ, ಭಾಗಿಸಿದ, ಇನ್ನೊಮ್ಮೆ ಕೂಡಿದ.

“ಹೇಗುಂಟು ಸಾರ್?”

“ನೀವು ಬೀಳಿಸಿಲ್ಲ.”

“ಹ್ಞಾಂ,” ಎಂದ ಕೊರಗಪ್ಪ, ಅದು ಹೊಸ ಸುದ್ದಿಯೇನಲ್ಲ ಎಂಬಂತೆ. ಕೈಗವಸು ಕಳಚಿ ಮಡಿಸಿಟ್ಟ. ಆದರೆ ಅವನ ಹೆಗಲು ಎರಡಂಗುಲ ಮೇಲೇರಿತ್ತು. “ಊರಲ್ಲಿ ಹೇಳ್ಬಹುದು ಅಂತಾಯ್ತು.”

“ಹೇಳ್ರಿ. ನಾ ಇದನ್ನ ಮನ್ಯಾಗ ಹೇಳಬೇಕು,” ಎಂದ ಅಣ್ಣಾಸಾಹೇಬ. ಕ್ಷಮಿಸಿ ಎನ್ನಲು ಹೊರಟಿದ್ದ, ಆ ಮಾತು ಬರಲಿಲ್ಲ. ಬದಲಿಗೆ ಕಪಾಟಿನ ಬಾಗಿಲನ್ನು ಕೊರಗಪ್ಪನಿಗಾಗಿ ತೆರೆದು ಹಿಡಿದು ನಿಂತ, ಬಟ್ಟು ಒಳಗೆ ಸೇರುವವರೆಗೆ.

ಕಾನ್ರಾಡನ ಕೋಣೆಯಲ್ಲಿ ಆ ಟೈಪು ಮಾಡಿದ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಿಂದ ಹೊಡೆದು ಹಾಕಿದ. ಪ್ರಯೋಗಾಲಯದ ಪದ್ಧತಿಯೇ ಅದು: ತಪ್ಪನ್ನು ಅಳಿಸುವಂತಿಲ್ಲ, ಓದಲು ಬರುವಂತೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು. ವರದಿಯ ನಮೂನೆಯ ಹೊಸ ಹಾಳೆಯಲ್ಲಿ ಕೈಯಿಂದಲೇ ಬರೆದ. ‘ನಾನು, ಅಣ್ಣಾಸಾಹೇಬ. ಬಟ್ಟು ಬಿಸಿಯಿದೆ ಎಂದು ಕೊರಗಪ್ಪ ಹೇಳಿದ ಮೇಲೂ, ಖಾಸಗಿ ಕಾರಣಕ್ಕೆ ಅವಸರಪಟ್ಟು, ಕಾಯದೆ ತೂಗಿದೆ. ತಪ್ಪು ಅಂಕಿಯಿಂದ ತಪ್ಪು ತೀರ್ಮಾನಕ್ಕೆ ಬಂದೆ.’ ಮೂರು ಸಾಲು. ಪಶ್ಚಾತ್ತಾಪದ ಸಾಲು ಹಾಕಲಿಲ್ಲ. ಅದನ್ನು ಅಳೆಯುವ ಸಾಧನ ಅವನ ಬಳಿ ಇರಲಿಲ್ಲ.

ಕಾನ್ರಾಡ್ ಓದಿ ಕನ್ನಡಕವನ್ನು ಹಣೆಗೇರಿಸಿದ. “ಇದನ್ನು ಕಳಿಸಿದ್ರೆ ಮೂರು ತಿಂಗಳು ನಿನ್ನ ಸಹಿ ಬಂದ್ ಮಾಡ್ತಾರೆ, ಗೊತ್ತುಂಟಲ್ಲ? ಒಂದು ಸರ್ಟಿಫಿಕೇಟಿಗೂ ಹಾಕ್ಲಿಕ್ಕಾಗುದಿಲ್ಲ. ಏಸಿ ಹೋದದ್ದು, ವ್ಯಾನ್ ಬಿಸಿ ಅಂತ ಬರೆದ್ರೆ ಸಾಕು ಮಾರಾಯ. ಯಾರ ಹೆಸರೂ ಬೇಡ.”

“ಒಂದು ಹೆಸರು ಬೇಕಂದಿದ್ರಲ್ಲ.”

“ಇಪ್ಪತ್ತಮೂರು ದಿನ ಹಾಕದವ ಈಗ ಯಾಕೆ ಹಾಕ್ತಿ?”

“ಆಗ ಬರೆದದ್ದು ಖರೇ ಇರಲಿಲ್ಲ,” ಎಂದ ಅಣ್ಣಾಸಾಹೇಬ. “ಅಲ್ಲೂ ಒಂದಕ್ಕ ಹಾಕಿದ್ದೆ, ಕಾನ್ರಾಡ್. ಮೊದಲನೇ ದಿನ. ಅದನ್ನ ಯಾರಿಗೂ ಹೇಳಿಲ್ಲ,” ಎಂದ. ಏನು ಎಂದು ಕಾನ್ರಾಡ್ ಕೇಳಲಿಲ್ಲ. ಕೇಳದಿದ್ದುದಕ್ಕೆ ಅಣ್ಣಾಸಾಹೇಬನಿಗೆ ಅವನ ಮೇಲೆ ಪ್ರೀತಿ ಬಂತು. ಮೊದಲು ಮಹಾದೇವಿ ಕೇಳಬೇಕು. ಹೊಸ ಶಿವದಾರ ಕಟ್ಟಿಕೊಳ್ಳುವಾಗ ಹೇಳುತ್ತೇನೆ ಎಂದುಕೊಂಡ.

ಹನ್ನೊಂದು ಗಂಟೆ ಐವತ್ತು ನಿಮಿಷ. ಬೆನ್ನು ನೆಟ್ಟಗೆ ಮಾಡಿ ಸಹಿ ಹಾಕಿದ. ಅಕ್ಷರಗಳು ಹನ್ನೆರಡು ವರ್ಷದಿಂದ ಹೇಗಿದ್ದವೋ ಹಾಗೇ ಬಂದವು, ಎಲ್ಲೂ ನಡುಗಲಿಲ್ಲ. ತೋರುಬೆರಳು ಶುಭ್ರವಾಗಿತ್ತು. ಸಾಕ್ಷಿಯ ಜಾಗದಲ್ಲಿ ಕೊರಗಪ್ಪ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ಕನ್ನಡದಲ್ಲಿ ತನ್ನ ಹೆಸರು ಬರೆದ. ಮೇಲೆ, ಅಳತೆಯ ಸಾಲಿನಲ್ಲಿ, ಅಣ್ಣಾಸಾಹೇಬ ಫಲಿತಾಂಶ ತುಂಬಿದ: ಇಪ್ಪತ್ತು ಕಿಲೋಗ್ರಾಂಗೆ 61 ಮಿಲಿಗ್ರಾಂ ಕಡಿಮೆ.